ಕೂಲರ್ ಮುಂದಿನ ಚಪ್ಪಲಿ

ಸಾಕೆಟ್ ಮುಚ್ಚಳ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಅಂಗಡಿಯಲ್ಲಿ ಅದನ್ನು ಬಣ್ಣದ ರಟ್ಟಿಗೆ ಅಂಟಿಸಿ, ನಗುವ ಮಗುವಿನ ಚಿತ್ರ ಹಾಕಿ ನೇತುಬಿಟ್ಟಿರುತ್ತಾರೆ. ಮೂರು ಕಡ್ಡಿ ಇರುವ ಬಿಳಿ ಪ್ಲಾಸ್ಟಿಕ್ಕಿನ ಬಿಲ್ಲೆ. ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ತೂತುಗಳು ಮುಚ್ಚಿಹೋಗುತ್ತವೆ, ಕೂಸಿನ ಬೆರಳು ಒಳಗೆ ಹೋಗುವುದಿಲ್ಲ, ಮನೆಯವರ ಎದೆಯ ಮೇಲಿನ ಭಾರವೂ ಇಳಿಯುತ್ತದೆ. ಆ ಭಾರ ಅಷ್ಟು ಸುಲಭವಾಗಿ ಇಳಿಯುತ್ತದಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆ.

ನಾನು ಬಳ್ಳಾರಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಗೆ ಪ್ರತಿವರ್ಷ ಬೋರ್ಡಿನ ಮೇಲೆ ಮನೆಯ ವೈರಿಂಗ್ ಚಿತ್ರ ಬರೆಯುತ್ತೇನೆ. ಕೆಂಪು ವೈರು, ಕಪ್ಪು ವೈರು, ಹಸಿರು ವೈರು. ಹಸಿರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಇಡೀ ಕ್ಲಾಸು 'ಭೂಮಿಗೆ ಟೀಚರ್' ಎಂದು ಸೂರು ಹಾರಿಹೋಗುವಂತೆ ಕೂಗುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ತೆಗೆದುಕೊಳ್ಳುತ್ತಾರೆ. ಮನೆಗೆ ಹೋದಮೇಲೆ ಅದೇ ಮಕ್ಕಳ ಅಪ್ಪಂದಿರು ಪ್ಲಗ್ಗಿನ ಮೇಲಿನ ದಪ್ಪ ಪಿನ್ನು ಅಡ್ಡ ಬರುತ್ತದೆಂದು ಇಕ್ಕಳದಿಂದ ಮುರಿದು ಬಿಸಾಡುತ್ತಾರೆ. ಹಸಿರು ವೈರು ನಮ್ಮ ಊರುಗಳಲ್ಲಿ ಪುಸ್ತಕದೊಳಗೆ ಮಾತ್ರ ಭೂಮಿಗೆ ಹೋಗುತ್ತದೆ ಎಂಬುದನ್ನು ನಾನು ಬಹಳ ತಡವಾಗಿ ತಿಳಿದುಕೊಂಡೆ.

ಮಗಳು ಬಾಣಂತನಕ್ಕೆಂದು ಕುರುಗೋಡಿನಿಂದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ಕೂಸು ಅಂಬೆಗಾಲಿಡುವ ಹೊತ್ತಿಗೆ ಸಿರುಗುಪ್ಪದಿಂದ ನನ್ನ ತಂಗಿ ಒಂದು ಚೀಲ ಹಿಡಿದುಕೊಂಡು ಬಂದಳು. ಅವಳಿಗೆ ಮೊಬೈಲಿನಲ್ಲಿ ವಿಡಿಯೋ ನೋಡುವ ಚಟ. ನೋಡಿದ್ದನ್ನೆಲ್ಲ ತರಿಸುವ ಚಟ ಅದಕ್ಕಿಂತ ದೊಡ್ಡದು. ಚೀಲದಲ್ಲಿ ಮೇಜಿನ ಮೂಲೆಗೆ ಅಂಟಿಸುವ ರಬ್ಬರು, ಬೀರುವಿನ ಬಾಗಿಲಿಗೆ ಹಾಕುವ ಪಟ್ಟಿ, ಮತ್ತೆ ಈ ಮುಚ್ಚಳಗಳು. ಬಂದವಳು ನೀರೂ ಕುಡಿಯದೆ ಮನೆಯ ಎಲ್ಲ ಸಾಕೆಟ್ಟುಗಳಿಗೆ ಅವನ್ನು ಚುಚ್ಚಿದಳು. ನನ್ನ ತಲೆಗಿಂತ ಎತ್ತರದಲ್ಲಿರುವ ಗೀಸರಿನ ಸಾಕೆಟ್ಟನ್ನೂ ಸ್ಟೂಲ್ ಹತ್ತಿ ಮುಚ್ಚಿದಳು. ಅಲ್ಲಿಗೆ ಕೂಸು ಹೇಗೆ ಹತ್ತುತ್ತದೆ ಎಂದು ಕೇಳಿದೆ.

"ಅಕ್ಕಾ, ನಿನಗ ಏನ್ ಹೇಳಿದ್ರೂ ತಪ್ಪಾ. ಕೂಸಿನ ವಿಷಯದಾಗ ಹುಷಾರಿರಬೇಕಲಾ" ಎಂದಳು.

ನಮ್ಮ ಮನೆಯ ಸಾಕೆಟ್ಟುಗಳು ಹೊಸವು. ಅವುಗಳ ಒಳಗೇ ಸಣ್ಣ ಬಾಗಿಲಿದೆ. ಮೇಲಿನ ದೊಡ್ಡ ತೂತಿಗೆ ಪಿನ್ನು ಹೋದರೆ ಮಾತ್ರ ಕೆಳಗಿನ ಎರಡು ತೂತುಗಳ ಬಾಗಿಲು ತೆರೆಯುತ್ತದೆ. ಕೆಳಗಿನ ತೂತಿಗೆ ಕೂಸು ಬೆರಳನ್ನೋ ಕಡ್ಡಿಯನ್ನೋ ತುರುಕಿದರೆ ಬಾಗಿಲಿಗೆ ಬಡಿದು ನಿಲ್ಲುತ್ತದೆ. ತಂಗಿ ತಂದ ಮುಚ್ಚಳಕ್ಕೂ ಮೇಲೊಂದು ದಪ್ಪ ಕಡ್ಡಿ ಇತ್ತು. ಅಂದರೆ ತಾನಾಗಿ ಮುಚ್ಚಿಕೊಂಡಿದ್ದ ಬಾಗಿಲನ್ನು ತೆರೆದಿಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಾಗೆ. ಇದನ್ನು ತಂಗಿಗೆ ಬಿಡಿಸಿ ಹೇಳಿದೆ. ಅವಳು ಕೂಸಿನ ಕೆನ್ನೆ ಹಿಂಡುತ್ತ, "ನಿಮ್ಮಮ್ಮಮ್ಮ ಇನ್ನೂ ಸಾಲ್ಯಾಗ ಅದಾಳ ನೋಡವಾ" ಎಂದಳು. ಮಗಳು ನಕ್ಕಳು. ನಮ್ಮ ಯಜಮಾನರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು. ನಮ್ಮ ಮನೆಯಲ್ಲಿ ಎರಡು ಹೆಂಗಸರು ದನಿ ಎತ್ತಿದರೆ ಅವರಿಗೆ ಪೇಪರ್ ಓದುವ ಹುಮ್ಮಸ್ಸು ಬರುತ್ತದೆ.

ಅಲ್ಲಿಯವರೆಗೆ ಗೋಡೆಯ ಕಡೆ ತಿರುಗಿಯೂ ನೋಡದ ಕೂಸಿಗೆ ಈಗ ಗೋಡೆಯಲ್ಲಿ ಹೊಸ ಆಟಿಕೆ ಸಿಕ್ಕಿತು. ದೊಡ್ಡವರು ಮತ್ತೆ ಮತ್ತೆ ಹೋಗಿ ಒತ್ತಿ ನೋಡುವ, ಮೊಬೈಲ್ ಚಾರ್ಜಿಗೆ ಹಾಕಲು ಚಮಚದಿಂದ ಮೀಟಿ ತೆಗೆಯುವ ಬಿಳಿ ಬಿಲ್ಲೆ ಯಾವ ಕೂಸಿಗೆ ಬೇಡ? ಮೂಲೆಯದೊಂದು ಸಡಿಲವಾಗಿತ್ತು. ಒಂದು ಬೆಳಿಗ್ಗೆ ಕೂಸು ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡು ಚೀಪುತ್ತ ಕೂತಿತ್ತು. ನಾನು ಬಾಯಿಗೆ ಬೆರಳು ಹಾಕಿ ತೆಗೆದಾಗ ಒಂದು ಕಡ್ಡಿ ಮುರಿಯುವ ಹಾಗೆ ಬಾಗಿತ್ತು. ಕೂಸು ಆಟಿಕೆ ಹೋಯಿತೆಂದು ಅತ್ತಿತು. ನಾನು ಮುಚ್ಚಳಗಳನ್ನೆಲ್ಲ ಕಿತ್ತು ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಟ್ಟದ ಮೇಲೆ ಎಸೆದೆ. ಬಾಗಿಲಿಲ್ಲದ ಹಳೇ ಕಾಲದ ಸಾಕೆಟ್ಟು ನೆಲದ ಹತ್ತಿರ ಇದ್ದು, ಮುಚ್ಚಳ ಗಟ್ಟಿಯಾಗಿ ಕೂರುವುದಾದರೆ ಅದರಿಂದ ಒಂದಿಷ್ಟು ಉಪಯೋಗ ಇದ್ದೀತು. ಇಲ್ಲವೆನ್ನುವಷ್ಟು ಮೊಂಡಿ ನಾನಲ್ಲ. ಆದರೆ ನಮ್ಮ ಮನೆಯಲ್ಲಿ ಅದು ಮಾಡಿದ ಕೆಲಸ ಇಷ್ಟೇ.

ಬೇಸಿಗೆ ಬಂತು. ಬಳ್ಳಾರಿಯ ಬೇಸಿಗೆ ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕಾದು ಸಂಜೆ ಪೂರ್ತಿ ಊರಿನ ಮೇಲೆ ಬಿಸಿ ಉಗುಳುತ್ತದೆ. ಆ ಬಿಸಿಲಿನಲ್ಲೇ, ಮಗಳನ್ನೂ ಕೂಸನ್ನೂ ಅತ್ತೆಮನೆಗೆ ಕಳಿಸುವ ದಿನ ಗೊತ್ತು ಮಾಡಲು ನಾನೂ ತಂಗಿಯೂ ಕುರುಗೋಡಿನ ಬಸ್ಸು ಹತ್ತಿದೆವು. ಮಗಳೂ ಕೂಸೂ ಮನೆಯಲ್ಲೇ ಉಳಿದರು.

ಅಳಿಯನದು ಕುರುಗೋಡಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಒಳ್ಳೆಯ ಹುಡುಗ, ಕೆಟ್ಟ ಚಟವಿಲ್ಲ. ಮದುವೆಗೆ ಮುಂಚೆಯಷ್ಟೇ ಕಟ್ಟಿದ ಮನೆ. ಮುಂದೆ ಗ್ರಾನೈಟು, ಚಾವಣಿಯಲ್ಲಿ ಬಣ್ಣ ಬದಲಿಸುವ ದೀಪ. ಬೀಗಿತ್ತಿ ಬಾಗಿಲಲ್ಲೇ ಎದುರುಗೊಂಡು ಕೈಗೆ ನೀರು ಕೊಟ್ಟು, ಒಳಗೆ ಕೂರಿಸುವ ಮೊದಲೇ ಗೋಡೆ ತೋರಿಸಿದರು. ಎಲ್ಲ ಸಾಕೆಟ್ಟುಗಳಲ್ಲೂ ಬಿಳಿ ಬಿಲ್ಲೆ. ನನ್ನ ತಂಗಿ ನನಗೆ ಹೇಳದೆ ಇಲ್ಲಿಗೂ ಒಂದು ಕಟ್ಟು ಕಳಿಸಿದ್ದಳು.

"ನೋಡ್ರಿ ಅಕ್ಕಾರ, ಕೂಸು ಬರೋದ್ರಾಗ ಎಲ್ಲಾ ಮುಚ್ಚಿಬಿಟ್ಟೇವಿ. ಇನ್ನ ಒಂದ್ ತೂತು ಉಳಿದಿಲ್ಲ. ಓಣ್ಯಾಗಿನ ಹೆಣಮಕ್ಕಳೆಲ್ಲಾ ಬಂದು ನೋಡಿಕೊಂಡ್ ಹೋದ್ರು" ಎಂದರು ಬೀಗಿತ್ತಿ.

ತಂಗಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಚೆನ್ನಾಗಿದೆ ಎಂದೆ. ಹೆಣ್ಣು ಕೊಟ್ಟವರ ಬಾಯಿಂದ ಬೀಗರ ಮನೆಯಲ್ಲಿ ಬೇರೆ ಮಾತು ಬರುವಂತಿಲ್ಲ.

ನಡುಮನೆಯಲ್ಲಿ ಕಿಟಕಿಗೆ ಹಚ್ಚಿ ದೊಡ್ಡ ಕಬ್ಬಿಣದ ಕೂಲರ್ ಇತ್ತು. ಕೆಳಗೆ ನೀರು ತುಂಬುವ ತೊಟ್ಟಿ, ಮೂರು ಕಡೆ ಹುಲ್ಲಿನ ಪರದೆ, ನಾಲ್ಕು ಕಬ್ಬಿಣದ ಕಾಲು. ಸುತ್ತ ನೆಲ ಒಂದಿಷ್ಟು ಒದ್ದೆ. ಆ ಒದ್ದೆ ನೆಲದ ಅಂಚಿನಲ್ಲಿ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಬೇಸಿಗೆಯಲ್ಲಿ ಆ ಮನೆಗೆ ನಾನು ಬಂದದ್ದು ಅದೇ ಮೊದಲು, ನನಗೆ ಆಶ್ಚರ್ಯವಾಯಿತು. ಹಿತ್ತಲಿಗೆ ಹೋಗಿ ಬಂದರೂ ಕಾಲು ತೊಳೆದು ಒಳಗೆ ಬರುವ ಮನೆ ಅದು. ಅಲ್ಲಿ ದೇವರ ಕೋಣೆಯ ಎದುರಿಗೇ ಚಪ್ಪಲಿ!

ಕೂಲರಿನ ಗಾಳಿ ಬೇರೆ ಕಡೆ ಹೋಗುತ್ತಿತ್ತು. ಬೀಗಿತ್ತಿ ಎದ್ದರು. ಹೋಗಿ ಆ ಚಪ್ಪಲಿಯಲ್ಲಿ ಕಾಲು ತೂರಿಸಿದರು, ಕೂಲರಿನ ಕಬ್ಬಿಣದ ಪಟ್ಟಿಯನ್ನು ನಮ್ಮ ಕಡೆ ತಿರುಗಿಸಿದರು, ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತರು. ಮಾತು ಮಧ್ಯದಲ್ಲಿ ತುಂಡಾಗಲೇ ಇಲ್ಲ. ಸೊಪ್ಪಿನ ಬೆಲೆ ಹೇಳುತ್ತ ಹೋದವರು ಅದನ್ನೇ ಹೇಳುತ್ತ ಬಂದರು.

"ಚಪ್ಪಲಿ ಯಾಕ್ರಿ?" ಎಂದು ಕೇಳಿದೆ.

"ಅದು ಸ್ವಲ್ಪ ಜುಮ್ಮ ಅಂತೈತ್ರಿ. ಚಪ್ಪಲಿ ಹಾಕ್ಕೊಂಡ್ರ ಏನೂ ಆಗಂಗಿಲ್ಲ. ನಮಗೆಲ್ಲಾ ರೂಢಿ ಆಗೈತಿ" ಎಂದು ನಕ್ಕರು.

ಕೂಲರ್ ಮುಟ್ಟಿದರೆ ಕರೆಂಟ್ ಹೊಡೆಯುತ್ತದೆ ಎಂಬುದನ್ನು ಆ ಹೆಂಗಸು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಎನ್ನುವ ಹಾಗೆ ಹೇಳಿದ್ದರು. ನನ್ನ ಕಣ್ಣ ಮುಂದೆ ಕೂಸು ಬಂತು. ಅದು ಆಗಷ್ಟೇ ಏನನ್ನಾದರೂ ಹಿಡಿದುಕೊಂಡು ಎದ್ದು ನಿಲ್ಲಲು ಕಲಿಯುತ್ತಿತ್ತು. ಸೋಫಾ, ಸ್ಟೂಲು, ನಮ್ಮ ಸೀರೆ, ಯಾವುದೂ ಆದೀತು. ಜೊಲ್ಲಿನಲ್ಲಿ ಸದಾ ಒದ್ದೆಯಾಗಿರುವ ಕೈ. ಬರಿಗಾಲು, ಒದ್ದೆ ನೆಲ, ಹಿಡಿಯಲು ಅದರ ಎತ್ತರಕ್ಕೆ ಸರಿಯಾಗಿ ನಾಲ್ಕು ಕಬ್ಬಿಣದ ಕಾಲು. ಅದಕ್ಕೆ ಚಪ್ಪಲಿ ಹಾಕುವವರು ಯಾರು?

ಅಷ್ಟರಲ್ಲಿ ಅಳಿಯ ಅಂಗಡಿಯಿಂದ ಬಂದ. ನಾನು ಸುತ್ತಿ ಬಳಸದೆ ಕೇಳಿದೆ, ಮನೆಗೆ ಅರ್ಥ್ ಕೊಟ್ಟಿಲ್ಲವೇ, ಹಸಿರು ವೈರನ್ನು ಭೂಮಿಗೆ ಇಳಿಸಿಲ್ಲವೇ ಎಂದು. ಅವನು ಮುಚ್ಚುಮರೆ ಮಾಡಲಿಲ್ಲ. ಮುಚ್ಚುಮರೆ ಮಾಡುವಂಥದ್ದು ಅದರಲ್ಲಿ ಏನಿದೆ ಎಂಬುದೇ ಅವನಿಗೆ ಹೊಳೆದಿರಲಿಲ್ಲ.

"ವೈರ್ ಎಳಸೇವ್ರಿ ಅತ್ತಿ. ಗುಂಡಿ ತೋಡೋದೊಂದು ಉಳೀತು. ಗೃಹಪ್ರವೇಶದ ಗಡಿಬಿಡಿ ಇತ್ತಲ್ರಿ. ಟ್ರಿಪ್ ಆಗೋ ಸ್ವಿಚ್ಚೂ ಹಾಕಿಸಿದ್ವಿ, ಕೂಲರ್ ಹಚ್ಚಿದಾಗೆಲ್ಲಾ ಅದು ಬೀಳಾಕ ಹತ್ತಿತು. ಮಂದಿ ಬಂದಾಗ ಕರೆಂಟ್ ಹೋಗೋದು, ಬರೋದು. ಬ್ಯಾಸರ ಆಗಿ ತೆಗೆಸಿಬಿಟ್ವಿ" ಎಂದ.

ಮೀಟರ್ ಬೋರ್ಡ್ ತೆಗೆದು ತೋರಿಸಿದ. ಮನೆಯ ಎಲ್ಲ ಹಸಿರು ವೈರುಗಳೂ ಅಲ್ಲಿಗೆ ಬಂದು ಸೇರಿದ್ದವು. ಯಾರೋ ಅವನ್ನು ಮಟ್ಟಸವಾಗಿ ಕೂಡಿಸಿ, ತುದಿಗೆ ಕಪ್ಪು ಟೇಪ್ ಸುತ್ತಿ, ಮಡಚಿ ಒಳಗೆ ತುರುಕಿದ್ದರು. ಭೂಮಿಗೆ ಹೋಗಬೇಕಾದ ವೈರು ಪೆಟ್ಟಿಗೆಯೊಳಗೇ ಮುದುಡಿ ಮಲಗಿತ್ತು. ಕರೆಂಟ್ ಸೋರಿದರೆ ತಾನೇ ಬಿದ್ದು ಅಪಾಯ ಇದೆ ಎಂದು ಬಡಕೊಳ್ಳುತ್ತಿದ್ದ ಸ್ವಿಚ್ಚನ್ನು ಗಲಾಟೆ ಮಾಡುತ್ತದೆಂದು ಕಿತ್ತುಹಾಕಿದ್ದರು. ಅದರ ಜಾಗಕ್ಕೆ ಒಂದು ಜೊತೆ ಹವಾಯಿ ಚಪ್ಪಲಿ ತಂದಿಟ್ಟಿದ್ದರು. ಮೇಲೆ ಗೋಡೆಯ ತುಂಬ ಬಿಳಿ ಬಿಲ್ಲೆ!

ನಾನು ಮಾತಾಡಿದೆ. ಹೆಣ್ಣು ಕೊಟ್ಟವಳು ಆಡಬಾರದಷ್ಟು ಆಡಿದೆ. ಅರ್ಥಿಂಗ್ ಆಗುವವರೆಗೆ ಕೂಸು ಈ ಮನೆಗೆ ಬರುವುದಿಲ್ಲ ಎಂದೆ. ಬೀಗರು ಮಾತು ಕಡಿಮೆಯ ಮನುಷ್ಯ, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಬೀಗಿತ್ತಿಯ ಮುಖ ಬಿಗಿಯಿತು.

"ನಿಮ್ಮ ಮಗಳು ಈ ಮನಿಯಾಗ ಎರಡ್ ಬ್ಯಾಸಿಗಿ ಕಳದಾಳ್ರಿ ಅಕ್ಕಾರ. ಆಕಿಗೇನಾಗೈತಿ? ನಾವೆಲ್ಲಾ ಇಲ್ಲೇ ಅದೀವಿ. ಏನಾಗೈತಿ ನಮಗ?"

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಆದರೆ ಅದನ್ನು ಬಾಯಿಬಿಟ್ಟು ಹೇಳಿದರೆ ಶಾಪ ಹಾಕಿದಂತಾಗುತ್ತದೆ. ಆಗದಿರುವುದು ನಿಮ್ಮ ಪುಣ್ಯ ಎಂದಷ್ಟೇ ಹೇಳಿ ಎದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ನನ್ನ ಪಕ್ಕ ಕೂರಲಿಲ್ಲ, ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತಳು. ಬಳ್ಳಾರಿಯಲ್ಲಿ ಇಳಿದು ಆಟೋ ಹತ್ತಿದ ಮೇಲೆ ಬಾಯಿ ಬಿಟ್ಟಳು.

"ಹುಡುಗಿ ಕಡಿಯವರು ನಾವು. ಅವರ ಮನಿ ಗ್ವಾಡಿ ಬಿಚ್ಚಿ ನೋಡಾಕ ನೀನ್ಯಾರು? ಅಕಿ ಬಾಳೇವು ಮಾಡಬೇಕೋ ಬ್ಯಾಡೋ?"

"ಲೇ, ಬಾಳೇವು ಮಾಡಾಕ ಮೊದಲು ಜೀವ ಇರಬೇಕು" ಎಂದೆ. ಆಟೋದವನು ಹಿಂತಿರುಗಿ ನೋಡಿದ.

ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ಕೂಸಿನ ಬಟ್ಟೆ ಮಡಚುತ್ತ ಕೂತಳು. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. "ಅವ್ವಾ, ಸುಮ್ಕಿರು. ಚಪ್ಪಲಿ ಹಾಕ್ಕೊಂಡ್ರ ಏನೂ ಆಗಂಗಿಲ್ಲ" ಎಂದಳು. ನನ್ನ ಮಗಳು. ನಾನು ಬೋರ್ಡಿನ ಮೇಲೆ ಮೂರು ಬಣ್ಣದಲ್ಲಿ ಬರೆಯುವ ಚಿತ್ರವನ್ನು ನನ್ನದೇ ಕ್ಲಾಸಿನಲ್ಲಿ ಎರಡನೇ ಬೆಂಚಿನಲ್ಲಿ ಕೂತು ಬರೆದುಕೊಂಡವಳು. ಅತ್ತೆಯ ಮಾತನ್ನು ಅತ್ತೆಯದೇ ದನಿಯಲ್ಲಿ ಹೇಳಿದಳು. ಅವತ್ತು ಅವಳ ಮೇಲೆ ಬಂದಷ್ಟು ಸಿಟ್ಟು ಬೀಗರ ಮೇಲೂ ಬಂದಿರಲಿಲ್ಲ.

ದಿನಗಳು ಹೋದವು. ಕುರುಗೋಡಿನಿಂದ ಫೋನ್ ಬರುವುದು ಕಡಿಮೆಯಾಯಿತು. ಬಂದಾಗಲೂ ಅಳಿಯ ಮೆಲ್ಲಗೆ ದಾರಿ ಹುಡುಕುತ್ತಿದ್ದ. ಕೂಲರ್ ಸುತ್ತ ಹಳೇ ಸೀರೆ ಕಟ್ಟುತ್ತೇವೆ, ಕಾಲುಗಳಿಗೆ ಸೈಕಲ್ ಟ್ಯೂಬ್ ಸುತ್ತುತ್ತೇವೆ, ಇನ್ನೊಂದು ಕಟ್ಟು ಮುಚ್ಚಳ ತರಿಸುತ್ತೇವೆ. ಗುಂಡಿ ತೋಡು ಎಂದರೆ ಅಂಗಳದಲ್ಲಿ ಆ ಮೂಲೆ ಬೇಡವಂತೆ, ಈ ಮೂಲೆಯಲ್ಲಿ ತುಳಸಿ ಇದೆಯಂತೆ, ಗ್ರಾನೈಟ್ ಒಡೆಯಬೇಕಂತೆ. ಆಗ ನನಗೆ ಒಂದು ವಿಷಯ ಅರ್ಥವಾಯಿತು. ಮುಚ್ಚಳ ಕಣ್ಣಿಗೆ ಕಾಣುತ್ತದೆ. ಓಣಿಯ ಹೆಂಗಸರನ್ನು ಕರೆದು ತೋರಿಸಬಹುದು. ಮಣ್ಣಿನೊಳಗೆ ಹುಗಿದ ಕೊಳವೆಯನ್ನು ಯಾರಿಗೆ ತೋರಿಸುವುದು? ತೋರಿಸಲು ಬಾರದ ಕೆಲಸಕ್ಕೆ ನಮ್ಮಲ್ಲಿ ಯಾವ ಮುಹೂರ್ತವೂ ಕೂಡಿಬರುವುದಿಲ್ಲ.

ಹಾಗಾದರೆ ತೋರಿಸಿಯೇ ಬಿಡೋಣ ಎಂದುಕೊಂಡೆ.

ನಮ್ಮಲ್ಲಿ ಬಾಣಂತಿಯನ್ನು ಅತ್ತೆಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು ಕಳಿಸುತ್ತಾರೆ. ತೊಟ್ಟಿಲ ಜೊತೆಗೆ ಕೂಸಿಗೆ ಬೆಳ್ಳಿ ಕಡಗ, ಬಟ್ಟೆ, ಬೀಗರಿಗೆ ಸೀರೆ-ಧೋತರ, ಹಣ್ಣು, ಉಂಡಿ, ನಮ್ಮ ಸಿರುಗುಪ್ಪದ ಕಡೆಯ ಅಕ್ಕಿ. ಎಲ್ಲವನ್ನೂ ಹರಿವಾಣಗಳಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಓಣಿಯವರೆಲ್ಲ ನೋಡುವ ಹಾಗೆ ಒಳಗೆ ತೆಗೆದುಕೊಂಡು ಹೋಗುವುದು. ನಾನು ಅದೆಲ್ಲವನ್ನೂ ಕಟ್ಟಿದೆ. ಅದರ ಜೊತೆಗೆ ನನ್ನಷ್ಟೇ ಎತ್ತರದ ಒಂದು ಕಬ್ಬಿಣದ ಕೊಳವೆ, ಇಸ್ತ್ರಿ ಅಂಗಡಿಯವನಿಂದ ಒಂದು ಚೀಲ ಇದ್ದಿಲು, ಒಂದು ಚೀಲ ಹರಳುಪ್ಪು, ಒಂದು ಹೊಸ ಟ್ರಿಪ್ ಸ್ವಿಚ್ಚು ತರಿಸಿದೆ. ಅರ್ಥಿಂಗಿಗೆ ಬೇಕಾಗುವುದು ಇಷ್ಟೇ. ಗುಂಡಿ ತೋಡಿ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ ನೀರು ಹಾಕಬೇಕು. ಕೊಳವೆಗೆ ಅರಿಶಿನ ಹಚ್ಚಿ ಹೂ ಕಟ್ಟಿದೆ. ಚೀಲಗಳಿಗೆ ಕುಂಕುಮ ಇಟ್ಟೆ. ಬಳ್ಳಾರಿಯಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಟೆಂಪೋದಲ್ಲಿ ಕೂರಿಸಿಕೊಂಡೆ.

ತಂಗಿ ಚೀಲಗಳನ್ನು ನೋಡಿ ತಲೆಯ ಮೇಲೆ ಕೈ ಹೊತ್ತಳು. "ಕಬ್ಬಿಣ, ಇದ್ದಲಿ, ಉಪ್ಪು! ಶುಭದ ದಿನ ಬಾಗಲದಾಗ ಬರಬಾರದ್ದು ಮೂರೂ ಆರಿಸಿ ತಂದಿಯಲ್ಲಕ್ಕಾ!"

ಅವಳು ಹೇಳಿದ್ದು ನಿಜ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎನ್ನುವ ಜನ ನಾವು. ಇದ್ದಿಲನ್ನು ಹರಿವಾಣದ ಪಕ್ಕ ಇಡುವುದಂತೂ ದೂರದ ಮಾತು. ನನಗೂ ಗೊತ್ತಿತ್ತು. ಗೊತ್ತಿದ್ದೇ ತಂದಿದ್ದೆ.

ಟೆಂಪೋ ಕುರುಗೋಡಿನ ಅವರ ಮನೆ ಮುಂದೆ ನಿಂತಿತು. ಓಣಿಯವರೆಲ್ಲ ಸೇರಿದ್ದರು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ತೊಟ್ಟಿಲು ಇಳಿಯಿತು, ಹರಿವಾಣಗಳು ಇಳಿದವು. ಆಮೇಲೆ ಹೂ ಕಟ್ಟಿದ ಕೊಳವೆ ಇಳಿಯಿತು. ಇದ್ದಿಲ ಚೀಲ ಇಳಿದಾಗ ಕಪ್ಪು ಪುಡಿ ರಂಗೋಲಿಯ ಮೇಲೆ ಉದುರಿತು.

"ಇದೇನ್ರಿ ಇದು?" ಎಂದರು ಬೀಗಿತ್ತಿ. "ಕೂಸು ಮೊದಲ ಸಲ ಮನಿ ತುಳಿಯೋ ದಿನ ಇದ್ದಲಿ ತಂದು ಬಾಗಲಿಗೆ ಸುರೀತೀರೇನು? ಸೇಡು ತೀರಿಸ್ಕೋತೀರೇನು?"

"ನಿಮ್ಮ ಮೊಮ್ಮಗಳಿಗೆ ತವರ ಉಡುಗೊರೆ ರೀ. ಇದನ್ನ ಅಂಗಳದಾಗ ಹುಗದ ಮ್ಯಾಲೆ ಕೂಸು ಒಳಗ ಬರ್ತೈತಿ."

"ನಾವು ಸತ್ತೀವೇನ್ರಿ ಆ ಕೂಲರ್ ಮುಟ್ಟಿ? ಮುಟ್ಟಿ ತೋರಿಸಲೇನು ನಿಮಗ? ನೋಡ್ರಿ, ಎಲ್ಲಾರೂ ನೋಡ್ರಿ!"

ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಅವರು ದಡದಡ ಒಳಗೆ ನಡೆದರು. ಆಗಷ್ಟೇ ಕೈಕಾಲು ತೊಳೆದು, ಮಡಿಯಲ್ಲಿ, ಬರಿಗಾಲಲ್ಲಿದ್ದರು. ಬಾಗಿಲು ಅಗಲ ತೆರೆದಿತ್ತು. ಕೂಲರ್ ಓಡುತ್ತಿತ್ತು. ಸಿಟ್ಟಿನಲ್ಲಿ ಆ ಹೆಂಗಸು ಏನು ಮಾಡಿಕೊಳ್ಳುತ್ತಾರೋ ಎಂದು ನಾನು ಬೇಡ ಎನ್ನುವುದರೊಳಗೆ ನನ್ನ ಪಕ್ಕದಿಂದ ಚೀರು ಕೇಳಿತು.

"ಅತ್ತೀ, ಮುಟ್ಟಬ್ಯಾಡ್ರಿ! ಕೈ ಒದ್ದಿ ಅದಾವ!"

ನನ್ನ ಮಗಳು. ಇಷ್ಟು ದಿನ ಸುಮ್ಕಿರು ಸುಮ್ಕಿರು ಎನ್ನುತ್ತಿದ್ದವಳು ಕೂಸನ್ನು ನನ್ನ ತೋಳಿಗೆ ತುರುಕಿ ಹೊಸ್ತಿಲು ದಾಟಿ ಓಡಿದಳು. ಬೀಗಿತ್ತಿ ಕೂಲರಿನ ಮುಂದೆ ನಿಂತಿದ್ದರು. ಚಾಚಿದ ಕೈ ಗಾಳಿಯಲ್ಲಿತ್ತು. ಅವರ ಬಲಗಾಲು ಮಾತ್ರ ಅವರನ್ನು ಕೇಳದೆ ತನ್ನ ಪಾಡಿಗೆ ತಾನು ಆಚೆ ಈಚೆ ತಡಕಿ, ನೀಲಿ ಪಟ್ಟಿಯ ಚಪ್ಪಲಿಯೊಳಗೆ ತೂರಿಕೊಂಡಿತ್ತು.

ಅದನ್ನು ಬಾಗಿಲಲ್ಲಿದ್ದ ಎಲ್ಲರೂ ನೋಡಿದರು. ಅವರೂ ತಲೆ ತಗ್ಗಿಸಿ ತಮ್ಮ ಕಾಲನ್ನು ತಾವೇ ನೋಡಿಕೊಂಡರು. ಕೈ ಕೆಳಗಿಳಿಯಿತು. ಬೀಗರು ಹೋಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತರು. ಮೊದಲ ಸಲ ಅವರ ದನಿ ಕೇಳಿದೆ. "ತುಳಸಿ ಕಟ್ಟಿ ಬಾಜೂ ಜಾಗಾ ಐತಿ. ಅಲ್ಲೇ ತೋಡ್ರಿ" ಎಂದರು.

ಸಂಜೆಯೊಳಗೆ ಗುಂಡಿ ಆಯಿತು. ಪದರ ಪದರವಾಗಿ ಇದ್ದಿಲು, ಉಪ್ಪು ಬಿದ್ದವು. ಪೆಟ್ಟಿಗೆಯಲ್ಲಿ ಮಲಗಿದ್ದ ಹಸಿರು ವೈರುಗಳ ಟೇಪ್ ಬಿಚ್ಚಿ ಕೊಳವೆಗೆ ಕೂಡಿಸಿದರು. ಟ್ರಿಪ್ ಸ್ವಿಚ್ಚು ತನ್ನ ಜಾಗಕ್ಕೆ ಬಂತು. ಕೂಲರ್ ಹಚ್ಚಿದ ಕೂಡಲೆ ಅದು ಟಪ್ಪೆಂದು ಬಿತ್ತು. ಅಳಿಯ ಮರುದಿನವೇ ಕೂಲರಿನ ಮೈಗೆ ಕರೆಂಟ್ ಸೋರಿಸುತ್ತಿದ್ದ ಕೆಟ್ಟ ನೀರಿನ ಪಂಪು ತೆಗೆದು ಹೊಸದು ಹಾಕಿಸಿದ, ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ಮನೆಯವರಿಗೆಲ್ಲ ತೋರಿಸಿದ, ಆಮೇಲೆ ಸ್ವಿಚ್ಚು ಬೀಳಲಿಲ್ಲ. ಆ ಪಂಪಿನ ಬೆಲೆಗೆ ಎರಡು ಕಟ್ಟು ಮುಚ್ಚಳವೂ ಬರುವುದಿಲ್ಲ ಎಂದು ಅವನೇ ಫೋನಿನಲ್ಲಿ ಹೇಳಿದ. ನಗಬೇಕೋ ಬಯ್ಯಬೇಕೋ ತಿಳಿಯದೆ ನಾನು ಬೈದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ನಾನು ಮತ್ತೆ ಕುರುಗೋಡಿಗೆ ಹೋದೆ. ಕೂಸು ಮನೆ ತುಂಬ ಓಡಾಡುತ್ತಿತ್ತು. ಪಕ್ಕದ ಮನೆಯ ಹೆಂಗಸೊಬ್ಬರು ಬಂದಿದ್ದರು. ಬೀಗಿತ್ತಿ ಅವರಿಗೆ ಗೋಡೆ ತೋರಿಸುತ್ತ, "ಕೂಸಿಗೆ ಏನೂ ಆಗಬಾರದಂತ ಎಲ್ಲಾ ಮುಚ್ಚಿಸೇವ್ರಿ" ಎನ್ನುತ್ತಿದ್ದರು. ಬಿಳಿ ಬಿಲ್ಲೆಗಳು ಇನ್ನೂ ಅಲ್ಲೇ ಇದ್ದವು. ಅಂಗಳದ ಗುಂಡಿಯ ಬಗ್ಗೆ ಒಂದು ಮಾತಿಲ್ಲ. ಗುಂಡಿಯ ಮೇಲೆ ಬಟ್ಟೆ ಒಗೆಯುವ ಕಲ್ಲು ಬಂದು ಕೂತಿತ್ತು. ಒಗೆದ ನೀರು ಅಲ್ಲೇ ಇಂಗುತ್ತದೆ, ಗುಂಡಿಗೆ ಅದು ಒಳ್ಳೆಯದೇ ಎಂದು ಬಾಯಿ ಮುಚ್ಚಿಕೊಂಡೆ.

ಆಗ ಕೂಸು ಕೂಲರಿನ ಕಡೆ ಹೋಯಿತು. ಅದರ ಚೆಂಡು ಕೂಲರಿನ ಅಡಿಗೆ ಉರುಳಿತ್ತು. ಕೂಸು ನಿಂತಿತು. ಸುತ್ತ ನೋಡಿತು. ಅದೇ ಜಾಗದಲ್ಲಿ, ಅದೇ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇದ್ದವು. ಕೂಸು ಹೋಗಿ, ತನ್ನ ಎರಡು ಪುಟ್ಟ ಪಾದಗಳನ್ನು ಆ ದೊಡ್ಡ ಚಪ್ಪಲಿಯಲ್ಲಿ ಒಂದೊಂದಾಗಿ ಇಟ್ಟು, ಆಮೇಲೆ ಕೂಲರಿನ ಕಾಲು ಹಿಡಿದು ಬಗ್ಗಿತು.

"ನೋಡ್ರಿ, ನೋಡ್ರಿ ಎಷ್ಟ್ ಶಾಣೇ ಐತಿ!" ಬೀಗಿತ್ತಿ ಚಪ್ಪಾಳೆ ತಟ್ಟಿದರು. "ಯಾರೂ ಹೇಳಿಕೊಟ್ಟಿಲ್ಲ ಅಕ್ಕಾರ. ನಮ್ಮನ್ನ ನೋಡೇ ಕಲ್ತೈತಿ. ಚಪ್ಪಲಿ ಇಲ್ಲದ ಮುಟ್ಟಂಗಿಲ್ಲ."

ಗುಂಡಿ ತೋಡಿ, ಪಂಪು ಬದಲಿಸಿ, ಸ್ವಿಚ್ಚು ಹಾಕಿಸಿ ವರ್ಷವಾಗಿದೆ. ಗೋಡೆ ಸರಿಹೋಗಿದೆ, ಈ ಮನೆಯ ಕಾಲುಗಳು ಸರಿಹೋಗಿಲ್ಲ. ಸದಾ ಚಪ್ಪಲಿ ಹಾಕಿ ಮುಟ್ಟುವವರಿಗೆ ಕೂಲರ್ ಸರಿಯಾದದ್ದು ಗೊತ್ತಾಗುವುದಾದರೂ ಹೇಗೆ? ನಾಳೆ ಈ ಕೂಸು ಬೆಳೆದು ಇನ್ನೊಂದು ಮನೆಗೆ ಹೋಗುತ್ತದೆ. ಅಲ್ಲಿಯ ಕೂಲರ್ ಜುಮ್ಮೆಂದರೆ ಯಾರನ್ನೂ ಕೇಳದೆ ಚಪ್ಪಲಿ ಹುಡುಕುತ್ತದೆ, ಅದರ ತಾಯಿ ಹುಡುಕಿದ ಹಾಗೆ. ನಾನು ಅಡುಗೆಮನೆಯಲ್ಲಿದ್ದ ಮಗಳ ಕಡೆ ನೋಡಿದೆ. ಅವಳೂ ನೋಡುತ್ತಿದ್ದಳು.

ಹೊರಡುವಾಗ ಯಾರೂ ಇಲ್ಲದ್ದು ನೋಡಿ ಆ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಬೀಗರ ಮನೆಯಿಂದ ಚಪ್ಪಲಿ ಕದ್ದ ಹೆಣ್ಣು ಕೊಟ್ಟವಳು ಬಳ್ಳಾರಿ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಬಸ್ಸು ಊರು ಬಿಡುವುದರೊಳಗೆ ಫೋನ್ ಬಂತು. ಬೀಗಿತ್ತಿ.

"ಅಕ್ಕಾರ, ಇಲ್ಲೆ ಕೂಲರ್ ಮುಂದ ಚಪ್ಪಲಿ ಇದ್ದವು. ನೀವೇನಾರ ನೋಡಿದ್ರೇನು?"

"ನನ್ನ ಬ್ಯಾಗಿನಾಗ ಅದಾವ್ರಿ" ಎಂದೆ.

"ಹಂಗಾರ ನಾವು ಕೂಲರ್ ಹೆಂಗ ಮುಟ್ಟಬೇಕ್ರಿ?"

"ಬರಿಗಾಲಾಗ!" ಎಂದು ಕೂಗಿದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ನಿಮ್ಮ ಮನಿಗೆ ಇದ್ದಲಿ ಯಾಕ ತಂದು ಸುರಿದೆ ನಾನು? ಆ ಗುಂಡಿ ಯಾಕ ತೋಡಿದ್ವಿ? ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ತೋರಿಸ್ಯಾನಿಲ್ಲೋ? ಕೈ ಒಣಗಿಸ್ಕೊಂಡು ಮುಟ್ಟ್ರಿ ಈಗ!"

ಫೋನ್ ಇಡಲಿಲ್ಲ ಅವರು. ಕೂಲರಿನ ಸದ್ದು ಕೇಳುತ್ತಿತ್ತು, ಹತ್ತಿರ ಹತ್ತಿರ ಬರುತ್ತಿತ್ತು. ಮೂರು ಬಣ್ಣದ ಚಿತ್ರ ಬರೆದು ಬರೆದು ಕೈ ಸವೆಸಿದವಳು ನಾನು. ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಜುಮ್ಮ ಅನ್ನಲಿಲ್ರಿ" ಎಂದರು ಬೀಗಿತ್ತಿ. ದನಿ ಬಹಳ ಸಣ್ಣದಾಗಿತ್ತು. ಆಮೇಲೆ, "ಅಕ್ಕಾರ, ಕೂಸೂ ಬಂದು ಹಿಡಕೊಂಡು ನಿಂತತ್ರಿ, ಬರಿಗಾಲಾಗ" ಎಂದರು.